ಹಳೇ ಜಿಪ್ಸಿಗೆ ಹೊಸ ಪ್ಲೇಟ್ ಸೆಟ್: ಲೀಫ್ ಸ್ಪ್ರಿಂಗ್ ಬದಲಿಸುವ ಸಮಗ್ರ ಮಾರ್ಗದರ್ಶಿ

ಮಾರುತಿ ಜಿಪ್ಸಿ 1985ರ ಕೊನೆಗೆ ಬಂತು. 1996ರಲ್ಲಿ 1.3 ಲೀಟರ್ ಎಂಜಿನ್ ಸೇರಿ ಜಿಪ್ಸಿ ಕಿಂಗ್ ಆಯಿತು. ಮೇಲೆ ಎಷ್ಟೇ ಬದಲಾದರೂ ಕೆಳಗಿನ ಕಟ್ಟು ಮಾತ್ರ ಕೊನೆಯವರೆಗೂ ಅದೇ. ಮುಂದೆ ಒಂದು ಗಟ್ಟಿ ಆಕ್ಸಲ್, ಹಿಂದೆ ಒಂದು, ನಾಲ್ಕು ಮೂಲೆಗೂ ಲೀಫ್ ಸ್ಪ್ರಿಂಗ್, ಅಂದರೆ ಒಂದರ ಮೇಲೊಂದು ಜೋಡಿಸಿದ ಬಾಗಿದ ಉಕ್ಕಿನ ಪಟ್ಟಿಗಳು. ಗ್ಯಾರೇಜಿನಲ್ಲಿ ಇದನ್ನೇ ಪ್ಲೇಟ್ ಅಂತಾರೆ, ಲಾರಿಯವರು ಬ್ಲೇಡ್ ಅಂತಾರೆ. ಕಾಫಿ ತೋಟದ ರಸ್ತೆಯಲ್ಲಿ, ಕಾಡಿನ ಸಫಾರಿಯಲ್ಲಿ ಈ ಗಾಡಿ ಇಷ್ಟು ವರ್ಷ ಬಾಳಿದ್ದಕ್ಕೆ ಈ ಸರಳ ಕಟ್ಟು ದೊಡ್ಡ ಕಾರಣ. ಮನೆಯಂಗಳದಲ್ಲೇ ಬಿಚ್ಚಿ ಕಟ್ಟಬಹುದು.

ಆದರೆ ಹೊಸ ಪ್ಲೇಟ್ ಹಾಕಿಸಿದ ಮೇಲೂ ಗಾಡಿ ಕಟ ಕಟ ಅನ್ನುತ್ತೆ, ಒಂದೇ ಮಳೆಗಾಲಕ್ಕೆ ಬುಷ್ (ಪ್ಲೇಟಿನ ತುದಿಯಲ್ಲಿ ಬೋಲ್ಟಿನ ಸುತ್ತ ಕೂರುವ ರಬ್ಬರ್ ಕೊಳವೆ) ಹೋಯ್ತು ಅನ್ನುವವರು ಬಹಳ ಜನ. ತಪ್ಪು ಹೆಚ್ಚಾಗಿ ಪ್ಲೇಟಿನದ್ದಲ್ಲ. ಯಾವ ಬೋಲ್ಟನ್ನು ಯಾವಾಗ ಬಿಗಿಯಬೇಕು ಅನ್ನುವುದರಲ್ಲಿ ಎಡವಿರುತ್ತಾರೆ. ಹಾಗಾಗಿ ಈ ಬರಹದಲ್ಲಿ ಬಿಚ್ಚುವುದಕ್ಕಿಂತ ಕಟ್ಟುವುದರ ಮೇಲೆ ಜಾಸ್ತಿ ಒತ್ತು ಕೊಟ್ಟಿದ್ದೇನೆ. ಹಳೇ ಮಹೀಂದ್ರ ಜೀಪಿಗೂ ಕೆಲಸದ ಕ್ರಮ ಹೆಚ್ಚುಕಡಿಮೆ ಇದೇ. ವ್ಯತ್ಯಾಸ ಇರುವ ಕಡೆ ಹೇಳುತ್ತೇನೆ.

ಮೊದಲು ಅಳತೆ

ಗಾಡಿ ಕುಣಿದರೆ ಶಾಕ್ ಅಬ್ಸಾರ್ಬರ್ ನೋಡಿ. ಗಾಡಿ ಕೂತರೆ ಪ್ಲೇಟ್ ನೋಡಿ. ಇವೆರಡನ್ನು ಬೆರೆಸಿ ಸುಮ್ನೆ ದುಡ್ಡು ಕಳೆಯುವುದು ಬೇಡ.

ಸಮತಟ್ಟಾದ ಜಾಗದಲ್ಲಿ ಗಾಡಿ ನಿಲ್ಲಿಸಿ. ನಾಲ್ಕೂ ಟೈರಿನ ಗಾಳಿ ಸರಿಮಾಡಿ. ಹಿಂದಿನ ಸಾಮಾನೆಲ್ಲ ಇಳಿಸಿ. ಚಕ್ರದ ನಡುಭಾಗದಿಂದ ನೇರ ಮೇಲೆ ಮಡ್‌ಗಾರ್ಡಿನ ಅಂಚಿನವರೆಗೆ ಟೇಪ್ ಹಿಡಿದು ನಾಲ್ಕೂ ಕಡೆ ಬರೆದುಕೊಳ್ಳಿ. ಎಡಕ್ಕೂ ಬಲಕ್ಕೂ ಅರ್ಧ ಇಂಚಿಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಒಂದು ಕಡೆಯ ಪ್ಲೇಟ್ ಸೋತಿದೆ ಅಂತ ಅನುಮಾನಿಸಬಹುದು. ನಮ್ಮ ಗಾಡಿಗಳಲ್ಲಿ ಬಲಗಡೆ ಬೇಗ ಕೂರುವುದು ಸಹಜ. ಡ್ರೈವರ್ ಒಬ್ಬನೇ ಓಡಾಡುವುದೇ ಜಾಸ್ತಿ ಅಲ್ವಾ?

ಆಮೇಲೆ ಇನ್ನೊಂದು ಅಳತೆ. ಇದನ್ನು ಬಹಳ ಜನ ತೆಗೆಯುವುದೇ ಇಲ್ಲ. ಸ್ಟೀರಿಂಗ್ ನೇರ ಇಟ್ಟು ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿಗೆ ಎರಡೂ ಬದಿ ಅಳೆಯಿರಿ. ಜಿಪ್ಸಿಯ ವೀಲ್‌ಬೇಸ್ 2375 ಮಿಲಿಮೀಟರ್. ಎರಡೂ ಬದಿ ಅದರ ಹತ್ತಿರ ಇರಬೇಕು, ಮುಖ್ಯವಾಗಿ ಎರಡೂ ಒಂದೇ ಇರಬೇಕು. ಒಂದು ಬದಿ ಎದ್ದು ಕಾಣುವಷ್ಟು ಕಡಿಮೆ ಬಂದರೆ, ಪ್ಲೇಟ್‌ಗಳನ್ನೆಲ್ಲ ನಡುವೆ ಪೋಣಿಸಿ ಹಿಡಿಯುವ ಸೆಂಟರ್ ಬೋಲ್ಟ್ ತುಂಡಾಗಿ ಆಕ್ಸಲ್ ಜರುಗಿರಬಹುದು. ಅಂಥ ಗಾಡಿಯನ್ನು ಘಾಟಿಗೆ ಒಯ್ಯಬೇಡಿ, ಮೊದಲು ರಿಪೇರಿ ಆಗಲಿ.

ಇನ್ನು ಕಣ್ಣಿನ ಪರೀಕ್ಷೆ. ಪ್ಲೇಟ್ ಮುರಿಯುವುದು ಹೆಚ್ಚಾಗಿ ಎರಡು ಕಡೆ: ಪ್ಲೇಟನ್ನು ಆಕ್ಸಲಿಗೆ ಕಟ್ಟುವ ಯು ಬೋಲ್ಟ್ ಹಿಡಿದಿರುವ ನಡುಭಾಗದಲ್ಲಿ, ಇಲ್ಲವೇ ಕೆಳಗಿನ ಗಿಡ್ಡ ಪ್ಲೇಟಿನ ತುದಿ ಮೇಲಿನದ್ದಕ್ಕೆ ಒತ್ತುವ ಜಾಗದಲ್ಲಿ. ವೈರ್ ಬ್ರಷ್‌ನಿಂದ ಉಜ್ಜಿ, ಸೀಮೆಎಣ್ಣೆ ಸವರಿ, ಸ್ವಲ್ಪ ಹೊತ್ತು ಬಿಟ್ಟು ಬಟ್ಟೆಯಿಂದ ಒರೆಸಿ ಒಣಗಿಸಿ. ಮೇಲೆ ಸೀಮೆಸುಣ್ಣ ಉಜ್ಜಿ. ಬಿರುಕು ಇದ್ದರೆ ಒಳಗಿನ ಎಣ್ಣೆ ಹೊರಗೆ ಜಿನುಗಿ ಸುಣ್ಣದ ಮೇಲೆ ಕಪ್ಪು ಗೆರೆ ಮೂಡುತ್ತದೆ. ಆಕ್ಸಲಿನ ಮೇಲಿರುವ ಬಂಪ್ ಸ್ಟಾಪ್ ರಬ್ಬರನ್ನೂ ನೋಡಿ. ಅದು ಜಜ್ಜಿಹೋಗಿದ್ದರೆ, ಅಥವಾ ತಗಲುವ ಜಾಗ ಫಳಫಳ ಹೊಳೆಯುತ್ತಿದ್ದರೆ, ಸ್ಪ್ರಿಂಗ್ ಪದೇ ಪದೇ ಪೂರ್ತಿ ಕೂತಿದೆ ಎಂದರ್ಥ.

ಸ್ಪ್ರಿಂಗಿನ ಒಂದು ತುದಿಯನ್ನು ಚಾಸಿಗೆ ಸೇರಿಸುವ, ಹಿಂದೆ ಮುಂದೆ ಆಡುವ ಕೊಂಡಿಯೇ ಶಾಕಲ್. ಅದು ಯಾವ ಕೋನದಲ್ಲಿ ನಿಂತಿದೆ ನೋಡುವುದೂ ಒಳ್ಳೆಯದು. ಬಾಗಿರುವ ಪ್ಲೇಟ್ ಚಪ್ಪಟೆಯಾದಂತೆ ಅದರ ಎರಡು ಕಣ್ಣುಗಳ (ತುದಿಯ ಸುರುಳಿ ತೂತುಗಳ) ನಡುವಿನ ದೂರ ಹೆಚ್ಚುತ್ತದೆ. ಆಗ ಶಾಕಲ್ಲಿನ ಕೆಳತುದಿಯನ್ನು ಹೊರಕ್ಕೆ ದೂಡುತ್ತದೆ. ಎರಡು ಬದಿಯ ಶಾಕಲ್ ಬೇರೆ ಬೇರೆ ಕೋನದಲ್ಲಿದ್ದರೆ ಕಾರಣ ಹುಡುಕಬೇಕು.

ಬಡಿಸುವುದಾ, ಹೊಸದು ತರುವುದಾ?

ಲಾರಿ ಓಡಾಡುವ ಯಾವ ಊರಲ್ಲೂ ಪ್ಲೇಟ್ ಬಡಿಯುವ ಅಂಗಡಿ ಇದ್ದೇ ಇರುತ್ತದೆ. ಕೂತ ಪ್ಲೇಟನ್ನು ಬಡಿದು ಮತ್ತೆ ಬಾಗಿಸಿ ಕೊಡುತ್ತಾರೆ. ಅವರ ಕೈಚಳಕದ ಬಗ್ಗೆ ನನಗೆ ಗೌರವವಿದೆ. ಆದರೂ ಸಾವಿರಾರು ಸಲ ಬಾಗಿ ದಣಿದ ಉಕ್ಕು ಬಡಿದ ಮಾತ್ರಕ್ಕೆ ಹೊಸದಾಗುವುದಿಲ್ಲ. ಸ್ಪ್ರಿಂಗ್ ಉಕ್ಕಿನ ಶಕ್ತಿ ಬರುವುದು ಅದನ್ನು ಕಾಯಿಸಿ, ಎಣ್ಣೆಯಲ್ಲಿ ತಣಿಸಿ, ಮತ್ತೆ ಹದವಾಗಿ ಬಿಸಿ ಮಾಡಿದ ಹದದಿಂದ. ತಣ್ಣಗೆ ಬಡಿದರೆ ಬಾಗು ಬರುತ್ತದೆ, ಸ್ವಲ್ಪ ಕಾಲಕ್ಕೆ ಮತ್ತೆ ಕೂರುತ್ತದೆ. ಗ್ಯಾಸಿನಲ್ಲಿ ಕೆಂಪಗೆ ಕಾಯಿಸಿ ಬಾಗಿಸಿ ಹಾಗೇ ಆರಲು ಬಿಟ್ಟರೆ ಇನ್ನೂ ಕೆಟ್ಟದ್ದು, ಇದ್ದ ಹದವೂ ಹೋಗುತ್ತದೆ. ಗಾಡಿ ಇನ್ನೆರಡು ತಿಂಗಳು ಓಡಿದರೆ ಸಾಕು ಅನ್ನುವವರಿಗೆ ತಣ್ಣಗೆ ಬಡಿಸುವುದು ಸಾಕು. ಗಾಡಿ ಇಟ್ಟುಕೊಳ್ಳುವವರು ಹೊಸದು ತನ್ನಿ.

ತರುವಾಗ ಜೋಡಿ ತನ್ನಿ. ಒಂದು ಆಕ್ಸಲಿಗೆ ಎಡ ಬಲ ಎರಡೂ ಒಟ್ಟಿಗೆ ಬದಲಾಗಬೇಕು. ಮುರಿದ ಒಂದೇ ಪ್ಲೇಟನ್ನು ಬದಲಿಸಿ ಉಳಿದ ಸುಸ್ತಾದವುಗಳ ಜೊತೆ ಕಟ್ಟಿದರೆ ಭಾರವೆಲ್ಲ ಹೊಸದರ ಮೇಲೆ ಬೀಳುತ್ತದೆ.

ಇನ್ನೊಂದು ಆಸೆ ಎಲ್ಲರಿಗೂ ಬರುತ್ತದೆ: ಹೇಗೂ ಬಿಚ್ಚಿದ್ದೇವೆ, ಒಂದೆರಡು ಪ್ಲೇಟ್ ಜಾಸ್ತಿ ಹಾಕಿಬಿಡೋಣ ಅಂತ. ದಿನಾ ಗೊಬ್ಬರದ ಮೂಟೆ, ಕಾಫಿ ಚೀಲ ಹೇರುವವರಿಗೆ ಅದು ಸರಿ. ಖಾಲಿ ಓಡಾಡುವ ಗಾಡಿಗೆ ಬೇಡವೇ ಬೇಡ. ಸ್ಪ್ರಿಂಗ್ ಆಡದಿದ್ದರೆ ಪೆಟ್ಟು ನೇರ ಚಾಸಿಗೆ ಹೋಗುತ್ತದೆ. ಹಳೇ ಚಾಸಿಯಲ್ಲಿ ಸ್ಪ್ರಿಂಗಿನ ತುದಿ ಹಿಡಿದಿರುವ ಹ್ಯಾಂಗರಿನ ಬುಡ ಬಿರುಕು ಬಿಡುವುದು ಹೀಗೇ. ಕಲ್ಲುರಸ್ತೆಯಲ್ಲಿ ಚಕ್ರ ನೆಲ ಬಿಟ್ಟು ಹಾರುವುದರಿಂದ ಹಿಡಿತವೂ ಕಡಿಮೆಯಾಗುತ್ತದೆ.

ಏನೇನು ಬೇಕು

ಅಂಗಡಿಯಲ್ಲಿ ಬರೀ "ಜಿಪ್ಸಿ ಪ್ಲೇಟ್ ಕೊಡಿ" ಅನ್ನಬೇಡಿ. ವರ್ಷ, ಮಾಡೆಲ್, ಮುಂದಿನದ್ದೋ ಹಿಂದಿನದ್ದೋ, ಈಗ ಎಷ್ಟು ಪ್ಲೇಟ್ ಇವೆ, ಪ್ಲೇಟಿನ ಅಗಲ ಎಷ್ಟು, ಕಣ್ಣಿನಿಂದ ಸೆಂಟರ್ ಬೋಲ್ಟಿಗೆ ಎಷ್ಟು ದೂರ, ಎಲ್ಲ ಚೀಟಿಯಲ್ಲಿ ಬರೆದುಕೊಂಡು ಹೋಗಿ. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಹಳೇ ಗಾಡಿಯ ಸಾಮಾನು ಸಿಗುತ್ತದೆ, ಆದರೆ ದೂರದಿಂದ ಹೋಗಿ ತಪ್ಪು ಸೆಟ್ ತಂದರೆ ಮತ್ತೆ ಓಡಾಟ.

ಪ್ಲೇಟಿನ ಜೊತೆಗೇ ತರಬೇಕಾದವು:

- ಎಲ್ಲ ಬುಷ್‌ಗಳು. ಸ್ಪ್ರಿಂಗಿನ ಎರಡು ಕಣ್ಣಿಗೂ, ಶಾಕಲ್ ಮೇಲ್ತುದಿಗೂ
- ಹೊಸ ಯು ಬೋಲ್ಟ್, ಹೊಸ ನಟ್ಟು. ಒಂದು ಬದಿಗೆ ಎರಡು ಯು ಬೋಲ್ಟ್
- ಶಾಕಲ್ ಸೆಟ್, ಹ್ಯಾಂಗರ್ ಬೋಲ್ಟ್
- ಬಂಪ್ ಸ್ಟಾಪ್ ರಬ್ಬರ್, ಶಾಕ್ ಅಬ್ಸಾರ್ಬರಿನ ಬುಷ್

ಯು ಬೋಲ್ಟ್ ಹಳೆಯದನ್ನೇ ಹಾಕಬೇಡಿ. ಒಮ್ಮೆ ಪೂರ್ತಿ ಬಿಗಿದ ಯು ಬೋಲ್ಟ್ ಎಳೆದುಕೊಂಡಿರುತ್ತದೆ, ಥ್ರೆಡ್ಡಿಗೆ ತುಕ್ಕು ತಿಂದಿರುತ್ತದೆ. ಎರಡನೇ ಸಲ ಅದೇ ಬಿಗಿ ಹಿಡಿಯುವುದಿಲ್ಲ. ಯು ಬೋಲ್ಟ್ ಸಡಿಲಾದರೆ ಪ್ಲೇಟ್ ನಡುವಿನಲ್ಲೇ ಬಾಗತೊಡಗುತ್ತದೆ, ಸೆಂಟರ್ ಬೋಲ್ಟ್ ತೂತಿನ ಹತ್ತಿರವೇ ಮುರಿಯುತ್ತದೆ. ಹೊಸ ಸೆಟ್ ಬೇಗ ಮುರಿಯುವುದಕ್ಕೆ ಇದೊಂದು ದೊಡ್ಡ ಕಾರಣ.

ಹತ್ಯಾರಗಳಲ್ಲಿ ಟ್ರಾಲಿ ಜಾಕ್, ಇನ್ನೊಂದು ಚಿಕ್ಕ ಜಾಕ್, ಎರಡು ಗಟ್ಟಿ ಸ್ಟ್ಯಾಂಡ್, ಸಾಕೆಟ್ ಸೆಟ್, ಉದ್ದ ಹಿಡಿ, ರಿಂಗ್ ಸ್ಪ್ಯಾನರ್, ದಪ್ಪ ಸುತ್ತಿಗೆ, ಚಿಕ್ಕ ಹಾರೆ, ಗ್ರೈಂಡರ್, ಬಿಗಿ ಅಳೆದು ತೋರಿಸುವ ಟಾರ್ಕ್ ರೆಂಚ್. ಟಾರ್ಕ್ ರೆಂಚ್ ಇಲ್ಲದಿದ್ದರೆ ಒಂದು ದಿನಕ್ಕೆ ಯಾರಿಂದಾದರೂ ಕೇಳಿ ತನ್ನಿ.

ಎರಡು ಮೂರು ದಿನ ಮೊದಲೇ ಶುರು

ಕೆಲಸದ ಎರಡು ಮೂರು ದಿನ ಮೊದಲಿಂದ ಪ್ರತಿ ಸಂಜೆ ಎಲ್ಲ ನಟ್ಟು ಬೋಲ್ಟಿಗೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆಯಿರಿ. ಮೊದಲು ವೈರ್ ಬ್ರಷ್‌ನಿಂದ ಮಣ್ಣು ಉದುರಿಸಿ, ಇಲ್ಲದಿದ್ದರೆ ಸ್ಪ್ರೇ ಮಣ್ಣಿಗೇ ಹೋಗುತ್ತದೆ. ಮಲೆನಾಡಿನ, ಕರಾವಳಿಯ ಗಾಡಿಗಳಿಗೆ ಇದು ತಪ್ಪಿಸುವ ಹಾಗಿಲ್ಲ. ಬಿಚ್ಚುವ ಮುಂಚೆ ಮೊಬೈಲಿನಲ್ಲಿ ನಾಲ್ಕೂ ಮೂಲೆಯ ಫೋಟೋ ತೆಗೆದಿಡಿ. ಬೋಲ್ಟ್ ಯಾವ ಕಡೆಯಿಂದ ತೂರಿದೆ, ವಾಷರ್ ಎಲ್ಲಿದೆ, ಬ್ರೇಕ್ ಪೈಪ್ ಎಲ್ಲಿ ಹಾದಿದೆ, ಎಲ್ಲ ಅದರಲ್ಲಿ ಸಿಗಬೇಕು.

ಗಾಡಿ ಎತ್ತುವುದು

ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆ: ಬರೀ ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ಹೋಗಬೇಡಿ. ಸಿಮೆಂಟ್ ಇಟ್ಟಿಗೆ, ಹಾಲೋ ಬ್ಲಾಕ್ ಇಡಬೇಡಿ. ಅವು ಮುನ್ಸೂಚನೆ ಕೊಡದೆ ಒಡೆಯುತ್ತವೆ. ಮಣ್ಣಿನ ಅಂಗಳವಾದರೆ ಸ್ಟ್ಯಾಂಡಿನ ಕೆಳಗೆ ದಪ್ಪ ಹಲಗೆ ಹಾಕಿ.

ಹಿಂದಿನಿಂದ ಶುರುಮಾಡಿ, ಅದು ಸುಲಭ. ಮುಂದಿನ ಎರಡೂ ಚಕ್ರಕ್ಕೆ ಹಿಂದೆ ಮುಂದೆ ಕಲ್ಲು ಕೊಡಿ. ಹ್ಯಾಂಡ್‌ಬ್ರೇಕ್ ನಂಬಬೇಡಿ. ಹಳೇ ಮಹೀಂದ್ರ ಜೀಪುಗಳಲ್ಲಿ ಹ್ಯಾಂಡ್‌ಬ್ರೇಕ್ ಹಿಡಿಯುವುದು ಟ್ರಾನ್ಸ್‌ಫರ್ ಕೇಸಿನ (ಎರಡೂ ಆಕ್ಸಲಿಗೆ ಶಕ್ತಿ ಹಂಚುವ ಪೆಟ್ಟಿಗೆಯ) ಹಿಂದಿರುವ ಡ್ರಮ್ಮನ್ನು, ಚಕ್ರವನ್ನಲ್ಲ. ಒಂದು ಹಿಂದಿನ ಚಕ್ರ ನೆಲ ಬಿಟ್ಟರೆ, ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಶಿಯಲ್ ಮೂಲಕ ಗಾಡಿ ಜಾರಬಹುದು.

ವೀಲ್ ನಟ್ಟನ್ನು ನೆಲದ ಮೇಲಿರುವಾಗಲೇ ಸ್ವಲ್ಪ ಸಡಿಲಿಸಿ. ಆಮೇಲೆ ಎತ್ತಿ, ಸ್ಟ್ಯಾಂಡನ್ನು ಚಾಸಿಗೆ ಕೊಡಿ, ಹಿಂದಿನ ಸ್ಪ್ರಿಂಗಿನ ಮುಂದಿನ ಹ್ಯಾಂಗರಿಗಿಂತ ಸ್ವಲ್ಪ ಮುಂದೆ. ಆಕ್ಸಲಿಗೆ ಕೊಡಬಾರದು, ಆಕ್ಸಲ್ ನಮಗೆ ಮೇಲೆ ಕೆಳಗೆ ಆಡಬೇಕು. ಚಕ್ರ ತೆಗೆದು ಚಾಸಿಯ ಕೆಳಗೆ ಮಲಗಿಸಿ, ಅದೊಂದು ಹೆಚ್ಚಿನ ಭದ್ರತೆ. ಟ್ರಾಲಿ ಜಾಕನ್ನು ಆಕ್ಸಲಿನ ಕೆಳಗೆ ತಂದು ಭಾರ ಹಿಡಿಯುವಷ್ಟು ಮಾತ್ರ ಏರಿಸಿ. ಜಿಪ್ಸಿಯ ಡಿಫರೆನ್ಶಿಯಲ್ ಗುಂಡು ನಟ್ಟನಡುವೆ ಇಲ್ಲ. ಅಲ್ಲೇ ಜಾಕ್ ಕೊಟ್ಟರೆ ಆಕ್ಸಲ್ ಓರೆಯಾಗುತ್ತದೆ. ಆದ್ದರಿಂದ ಕೆಲಸ ಮಾಡುವ ಬದಿಯ ಆಕ್ಸಲ್ ಕೊಳವೆಗೆ ಟ್ರಾಲಿ ಜಾಕ್, ಇನ್ನೊಂದು ಬದಿಗೆ ಚಿಕ್ಕ ಜಾಕ್.

ಬಿಚ್ಚುವುದು, ಒಂದು ಸಲಕ್ಕೆ ಒಂದೇ ಬದಿ

ಒಂದು ಬದಿ ಪೂರ್ತಿ ಕಟ್ಟಿದ ಮೇಲೆಯೇ ಇನ್ನೊಂದು ಬದಿಗೆ ಕೈ ಹಾಕಿ. ಕಟ್ಟಿರುವ ಬದಿ ಆಕ್ಸಲನ್ನು ಜಾಗದಲ್ಲಿ ಹಿಡಿದಿರುತ್ತದೆ. ಎರಡೂ ಬಿಚ್ಚಿದರೆ ಆಕ್ಸಲ್ ತಿರುಗಿ, ಪ್ರೊಪೆಲ್ಲರ್ ಶಾಫ್ಟ್ ಎಳೆದು, ಮತ್ತೆ ಜಾಗಕ್ಕೆ ತರಲು ಅರ್ಧ ದಿನ ಹೋಗುತ್ತದೆ.

ಮೊದಲು ಶಾಕ್ ಅಬ್ಸಾರ್ಬರಿನ ಕೆಳತುದಿ ಬಿಚ್ಚಿ. ಬ್ರೇಕ್ ಹೋಸ್ ನೋಡಿಕೊಳ್ಳಿ. ಆಕ್ಸಲ್ ಇಳಿದಾಗ ಅದು ಬಿಗಿಯಾಗಿ ಎಳೆಯಬಾರದು. ನಂತರ ಯು ಬೋಲ್ಟಿನ ನಾಲ್ಕು ನಟ್ಟು. ಜಿಪ್ಸಿಯಲ್ಲಿ ಸ್ಪ್ರಿಂಗ್ ಇರುವುದು ಆಕ್ಸಲಿನ ಕೆಳಗೆ. ಯು ಬೋಲ್ಟ್ ಆಕ್ಸಲಿನ ಮೇಲಿಂದ ಬಂದು ಕೆಳಗಿನ ತಟ್ಟೆಯಲ್ಲಿ ಬಿಗಿಯಾಗಿರುತ್ತದೆ. ನಟ್ಟು ಬರದಿದ್ದರೆ ಒದ್ದಾಡಬೇಡಿ, ಹೇಗೂ ಹೊಸದಿದೆ, ಗ್ರೈಂಡರಿನಲ್ಲಿ ಕತ್ತರಿಸಿ. ತಟ್ಟೆ ಇಳಿದ ಮೇಲೆ ಜಾಕಿನಿಂದ ಆಕ್ಸಲನ್ನು ಸ್ವಲ್ಪ ಮೇಲೆತ್ತಿ. ಸೆಂಟರ್ ಬೋಲ್ಟಿನ ತಲೆ ಆಕ್ಸಲಿನ ಪೀಠದ ತೂತಿನಿಂದ ಬಿಡುತ್ತದೆ.

ಈಗ ಹಿಂದಿನ ತುದಿಯ ಶಾಕಲ್, ಕೊನೆಗೆ ಮುಂದಿನ ಹ್ಯಾಂಗರ್ ಬೋಲ್ಟ್. ಸ್ಪ್ರಿಂಗ್ ಭಾರ ಇರುತ್ತದೆ, ಇನ್ನೊಬ್ಬರು ಹಿಡಿದುಕೊಂಡರೆ ಕಾಲಿನ ಮೇಲೆ ಬೀಳುವುದು ತಪ್ಪುತ್ತದೆ.

ಹಳೇ ಮಹೀಂದ್ರ, ವಿಲ್ಲಿಸ್ ಜೀಪಿನವರಿಗೆ ಇಲ್ಲೊಂದು ಎಚ್ಚರಿಕೆ. ಕೆಲವು ಹಳೆಯ ಗಾಡಿಗಳಲ್ಲಿ ಯು ಆಕಾರದ, ಥ್ರೆಡ್ ಇರುವ ಶಾಕಲ್ ಇರುತ್ತದೆ. ಅದರಲ್ಲಿ ಎಡ ಥ್ರೆಡ್ಡಿನವೂ ಇವೆ. ಎಡ ಥ್ರೆಡ್ಡಿನ ಶಾಕಲ್ ಮೇಲೆ ಗುರುತಿಗೆಂದು ಒಂದು ಸಣ್ಣ ಉಬ್ಬು ಇರುತ್ತದೆ. ಅದನ್ನು ನೋಡದೆ ಮಾಮೂಲಿನಂತೆ ತಿರುಗಿಸಿದರೆ ಬಿಚ್ಚುವ ಬದಲು ಇನ್ನೂ ಬಿಗಿಯುತ್ತೀರಿ.

ಬರದ ಬೋಲ್ಟ್

ಇಡೀ ಕೆಲಸದಲ್ಲಿ ಸಮಯ ತಿನ್ನುವುದು ಇದೊಂದೇ. ನಟ್ಟು ಸಲೀಸಾಗಿ ಬರುತ್ತದೆ, ಬೋಲ್ಟ್ ಮಾತ್ರ ಅಲುಗುವುದಿಲ್ಲ. ಬೋಲ್ಟಿನ ತಲೆಗೆ ಸ್ಪ್ಯಾನರ್ ಹಾಕಿ ತಿರುಗಿಸಿ ನೋಡಿ. ತಿರುಗಿದರೂ ಮತ್ತೆ ವಾಪಸ್ ಜಗ್ಗಿದಂತಾದರೆ, ರಬ್ಬರ್ ಅದರ ಜೊತೆಗೇ ತಿರುಚುತ್ತಿದೆ. ಅಂದರೆ ಬುಷ್ ಒಳಗಿನ ಉಕ್ಕಿನ ತೋಳು ಬೋಲ್ಟಿಗೆ ತುಕ್ಕಿನಲ್ಲಿ ಅಂಟಿದೆ. ಎರಡು ತುಂಡಿನ ಬರೀ ರಬ್ಬರ್ ಬುಷ್ ಇರುವ ಕಡೆ ಈ ತೊಂದರೆ ಕಡಿಮೆ. ಅಲ್ಲಿ ಬೋಲ್ಟ್ ಹ್ಯಾಂಗರಿನ ತೂತಿಗೇ ಕಚ್ಚಿರುತ್ತದೆ.

ಮೊದಲು ನಟ್ಟನ್ನು ತುದಿಯವರೆಗೆ ಹಿಂದಕ್ಕೆ ತಂದು ಅದರ ಮೇಲೆ ಹೊಡೆಯಿರಿ. ನೇರ ಬೋಲ್ಟಿನ ತುದಿಗೆ ಹೊಡೆದರೆ ಅದು ಅಣಬೆಯಂತೆ ಅರಳಿ ಮತ್ತೆ ತೂತಿನಲ್ಲಿ ಹೋಗುವುದೇ ಇಲ್ಲ. ಒಂದಷ್ಟು ಹೊಡೆತ, ಸ್ಪ್ರೇ, ತಲೆಯನ್ನು ಹಿಂದೆ ಮುಂದೆ ತಿರುಗಿಸುವುದು, ಮತ್ತೆ ಸ್ಪ್ರೇ. ಅವಸರ ಬೇಡ. ಬಹಳಷ್ಟು ಬೋಲ್ಟ್ ಇದಕ್ಕೇ ಮಣಿಯುತ್ತವೆ.

ಮಣಿಯದಿದ್ದರೆ ಕತ್ತರಿಸುವುದೇ ದಾರಿ. ಸ್ಪ್ರಿಂಗಿನ ಕಣ್ಣಿಗೂ ಹ್ಯಾಂಗರಿನ ಗೋಡೆಗೂ ನಡುವೆ ಸಣ್ಣ ಸಂದು ಇರುತ್ತದೆ. ಅಲ್ಲಿ ತೆಳು ಬ್ಲೇಡ್ ತೂರಿಸಿ ಎರಡೂ ಬದಿ ಕತ್ತರಿಸಿ. ಹ್ಯಾಂಗರ್ ಚಾಸಿಯ ಭಾಗ, ಅದಕ್ಕೆ ಬ್ಲೇಡ್ ತಾಗಬಾರದು. ಗ್ಯಾಸ್ ಕಟ್ಟರ್ ತರುವ ಯೋಚನೆ ಬಂದರೆ ಒಂದು ನಿಮಿಷ ನಿಂತು ಮೇಲೆ ನೋಡಿ. ಜಿಪ್ಸಿಯ ಪೆಟ್ರೋಲ್ ಟ್ಯಾಂಕ್ ಇರುವುದು ಹಿಂದಿನ ಭಾಗದಲ್ಲೇ. ಅಲ್ಲಿ ಬೆಂಕಿ ಬೇಡ. ಗ್ರೈಂಡರಿನ ಕಿಡಿಯೂ ಆ ಕಡೆ ಹಾರದಂತೆ ಒದ್ದೆ ಗೋಣಿ ಅಡ್ಡ ಹಾಕಿ, ಪಕ್ಕದಲ್ಲಿ ನೀರು, ಮರಳು ಇಟ್ಟುಕೊಳ್ಳಿ. ಕಣ್ಣಿಗೆ ಕನ್ನಡಕ ಹಾಕಿ.

ಕಟ್ಟುವ ಮುಂಚೆ

ಹ್ಯಾಂಗರ್, ಶಾಕಲ್ ಜಾಗ, ಆಕ್ಸಲಿನ ಪೀಠ, ಎಲ್ಲ ಉಜ್ಜಿ ತೊಳೆದು ನೋಡಿ. ವೆಲ್ಡಿಂಗ್ ಅಂಚಿನಲ್ಲಿ ಬಿರುಕು, ಚಾಸಿಯ ಪಕ್ಕದಲ್ಲಿ ತುಕ್ಕು ತಿಂದ ತೂತು ಇದ್ದರೆ ಈಗಲೇ ಸರಿಮಾಡಿಸಿ. ಪೀಠದ ತೂತು ಗುಂಡಗೇ ಇದೆಯಾ, ಮೊಟ್ಟೆಯಾಕಾರಕ್ಕೆ ಸವೆದಿದೆಯಾ ನೋಡಿ. ಸವೆದಿದ್ದರೆ ಆಕ್ಸಲ್ ಅಲ್ಲಾಡುತ್ತಲೇ ಇರುತ್ತದೆ. ತುಕ್ಕು ತಡೆಯುವ ಪೇಂಟ್ ಬಳಿದು ಒಣಗಲು ಬಿಡಿ.

ರಬ್ಬರ್ ಬುಷ್‌ಗೆ ಗ್ರೀಸ್, ಎಂಜಿನ್ ಆಯಿಲ್ ಹಚ್ಚಬೇಡಿ. ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ. ಸೋಪಿನ ನೀರು ಸಾಕು. ಪಾಲಿಯೂರಿಥೇನ್ ಬುಷ್ ತಂದಿದ್ದರೆ ಅದಕ್ಕೆ ಸಿಲಿಕೋನ್ ಗ್ರೀಸ್. ಬೋಲ್ಟಿನ ಮೈಗೆ ಮಾತ್ರ ತುಕ್ಕು ಹಿಡಿಯದ ಪೇಸ್ಟ್ ತೆಳುವಾಗಿ ಸವರಿದರೆ ಮುಂದಿನ ಸಲ ಬಿಚ್ಚುವವರು ನಿಮ್ಮನ್ನು ನೆನೆಯುತ್ತಾರೆ.

ಹೊಸ ಸ್ಪ್ರಿಂಗನ್ನು ಹಳೆಯದರ ಪಕ್ಕ ಮಲಗಿಸಿ ಹೋಲಿಸಿ. ಬಾಗು ಹೆಚ್ಚಿರುವುದು ಸರಿ. ಕಣ್ಣಿನ ಅಳತೆ, ಅಗಲ, ಸೆಂಟರ್ ಬೋಲ್ಟ್ ಜಾಗ ಒಂದೇ ಇರಬೇಕು. ಸೆಂಟರ್ ಬೋಲ್ಟಿನಿಂದ ಎರಡು ಕಣ್ಣಿಗೆ ಇರುವ ದೂರ ಸಮ ಇಲ್ಲದಿದ್ದರೆ ಸ್ಪ್ರಿಂಗಿಗೆ ಹಿಂದು ಮುಂದು ಇದೆ ಎಂದರ್ಥ. ತಿರುಗಿಸಿ ಕಟ್ಟಿದರೆ ಆಕ್ಸಲ್ ಜಾಗ ತಪ್ಪುತ್ತದೆ.

ಕಟ್ಟುವುದು

ಸ್ಪ್ರಿಂಗಿನ ಮುಂದಿನ ಕಣ್ಣನ್ನು ಹ್ಯಾಂಗರಿಗೆ ಸೇರಿಸಿ ಬೋಲ್ಟ್ ತೂರಿಸಿ. ನಟ್ಟು ಕೈಯಲ್ಲಿ ಹಾಕಿ, ಅಷ್ಟೇ. ಹಿಂದಿನ ತುದಿಗೆ ಶಾಕಲ್ ಕಟ್ಟಿ, ಅದೂ ಸಡಿಲವಾಗಿ. ಹೊಸ ಸ್ಪ್ರಿಂಗಿನ ಬಾಗು ಜಾಸ್ತಿ ಇರುವುದರಿಂದ ಉದ್ದ ಸಾಲದು ಅನ್ನಿಸಬಹುದು. ಶಾಕಲನ್ನು ಹಾರೆಯಿಂದ ಸ್ವಲ್ಪ ಎಳೆದರೆ ತೂತು ಕೂಡುತ್ತದೆ.

ಈಗ ಆಕ್ಸಲನ್ನು ನಿಧಾನ ಇಳಿಸಿ. ಸೆಂಟರ್ ಬೋಲ್ಟಿನ ತಲೆ ಪೀಠದ ತೂತಿನಲ್ಲಿ ಪೂರ್ತಿ ಕೂರಬೇಕು. ಟಾರ್ಚ್ ಹಾಕಿ ನೋಡಿ. ತಲೆ ಅಂಚಿನ ಮೇಲೆ ನಿಂತಿದ್ದಾಗ ಯು ಬೋಲ್ಟ್ ಬಿಗಿದರೆ ಬೋಲ್ಟ್ ಹಾಳು, ಆಕ್ಸಲ್ ಓರೆ. ಜಿಪ್ಸಿಯಲ್ಲಿ ಆಕ್ಸಲ್ ಮೇಲೆ ಇರುವುದರಿಂದ ಬೋಲ್ಟಿನ ತಲೆ ಉದ್ದನೆಯ ಮುಖ್ಯ ಪ್ಲೇಟಿನ ಮೇಲ್ಗಡೆ ಇರಬೇಕು. ಎತ್ತರಕ್ಕಾಗಿ ಸ್ಪ್ರಿಂಗನ್ನು ಆಕ್ಸಲಿನ ಮೇಲೆ ತಂದ ಗಾಡಿಗಳಲ್ಲಿ ಇದು ಉಲ್ಟಾ.

ಕೆಳಗಿನ ತಟ್ಟೆ, ಯು ಬೋಲ್ಟ್, ನಟ್ಟು ಹಾಕಿ. ನಾಲ್ಕೂ ಕಾಲಿನ ಥ್ರೆಡ್ ಸಮನಾಗಿ ಹೊರಗೆ ಕಾಣಬೇಕು. ಓರೆಕೋರೆಯಾಗಿ, ಎದುರು ಬದುರು ಮೂಲೆಗೆ, ಸ್ವಲ್ಪ ಸ್ವಲ್ಪವೇ ಬಿಗಿಯುತ್ತಾ ಬನ್ನಿ. ಪೂರ್ತಿ ಬಿಗಿ ಈಗ ಬೇಡ. ಇನ್ನೊಂದು ಬದಿಯನ್ನೂ ಹೀಗೇ ಮುಗಿಸಿ ಶಾಕ್ ಅಬ್ಸಾರ್ಬರ್ ಸೇರಿಸಿ.

ಮುಂದಿನ ಆಕ್ಸಲಿನಲ್ಲಿ ಏನು ಬೇರೆ

ಜಿಪ್ಸಿಯ ಮುಂದಿನ ಸ್ಪ್ರಿಂಗಿನ ಶಾಕಲ್ ಮುಂದಿನ ತುದಿಯಲ್ಲಿ, ಬಂಪರ್ ಹತ್ತಿರ ಇರುತ್ತದೆ. ಕದಲದ ಕಣ್ಣು ಹಿಂದೆ. ಉಳಿದ ಕ್ರಮ ಅದೇ. ಆದರೆ ಇಲ್ಲಿ ಸ್ಟೀರಿಂಗ್ ಸೇರಿಕೊಂಡಿದೆ. ಆಕ್ಸಲ್ ಇಳಿದಂತೆ, ಸ್ಟೀರಿಂಗನ್ನು ಚಕ್ರಕ್ಕೆ ಸೇರಿಸುವ ಡ್ರ್ಯಾಗ್ ಲಿಂಕ್ ಸರಳು ಎಳೆದು ಚಕ್ರ ತಾನೇ ಒಂದು ಕಡೆ ತಿರುಗುತ್ತದೆ. ಹೆದರಬೇಡಿ, ಬೆರಳು ಮಾತ್ರ ದೂರ ಇಡಿ. ಆಕ್ಸಲಿನ ಪೀಠ ಮತ್ತು ಸ್ಪ್ರಿಂಗ್ ನಡುವೆ ಬೆಣೆಯಂಥ ತೆಳು ತುಂಡು ಸಿಕ್ಕರೆ ಎಸೆಯಬೇಡಿ. ಚಕ್ರದ ಕ್ಯಾಸ್ಟರ್ ಕೋನ (ಸ್ಟೀರಿಂಗಿಗೆ ಚಕ್ರ ತಿರುಗುವ ಅಕ್ಷದ ಹಿಂದು ಮುಂದಿನ ವಾಲು) ಸರಿಮಾಡಲು ಯಾರೋ ಹಾಕಿದ್ದು ಅದು. ದಪ್ಪ ಅಂಚು ಯಾವ ಕಡೆಗಿತ್ತು ಎಂದು ಗುರುತು ಮಾಡಿಕೊಂಡು ಹಾಗೇ ವಾಪಸ್ ಇಡಿ.

ಕೊನೆಯ ಬಿಗಿ, ಚಕ್ರ ನೆಲದ ಮೇಲೆ ಇರುವಾಗ

ಚಕ್ರ ಹಾಕಿ, ಸ್ಟ್ಯಾಂಡ್ ತೆಗೆದು ಗಾಡಿ ನೆಲಕ್ಕೆ ಇಳಿಸಿ. ಎರಡೂ ಕಡೆ ಬಂಪರ್ ಒತ್ತಿ ಕುಣಿಸಿ. ಅಂಗಳದಲ್ಲೇ ಒಂದೆರಡು ಅಡಿ ನಿಧಾನವಾಗಿ ಹಿಂದೆ ಮುಂದೆ ತಳ್ಳಿ. ಸ್ಪ್ರಿಂಗ್ ತನ್ನ ಸಹಜ ಎತ್ತರಕ್ಕೆ ಬರಲಿ. ಈಗ, ಗಾಡಿಯ ಭಾರ ಟೈರಿನ ಮೇಲೆ ಇರುವಾಗ, ಮೊದಲು ಯು ಬೋಲ್ಟ್, ಆಮೇಲೆ ಹ್ಯಾಂಗರ್ ಮತ್ತು ಶಾಕಲ್ ಪೂರ್ತಿ ಬಿಗಿಯಿರಿ.

ಯಾಕೆ ಇಷ್ಟು ಒತ್ತಿ ಹೇಳುತ್ತೇನೆಂದರೆ, ರಬ್ಬರ್ ಬುಷ್ ಬೇರಿಂಗಿನಂತೆ ತಿರುಗುವುದಿಲ್ಲ. ಬೋಲ್ಟ್ ಬಿಗಿದಾಗ ಅದು ಎರಡೂ ಕಡೆ ಕಚ್ಚಿ ನಿಲ್ಲುತ್ತದೆ. ಸ್ಪ್ರಿಂಗ್ ಆಡಿದಾಗ ರಬ್ಬರ್ ತಿರುಚಿಕೊಂಡು ಮತ್ತೆ ಬಿಚ್ಚಿಕೊಳ್ಳುತ್ತದೆ. ಗಾಡಿ ಮೇಲೆ ತೂಗುತ್ತಿರುವಾಗ ಸ್ಪ್ರಿಂಗ್ ಪೂರ್ತಿ ಕೆಳಗೆ ಜೋತಿರುತ್ತದೆ. ಆ ಸ್ಥಿತಿಯಲ್ಲಿ ಬಿಗಿದರೆ, ನೆಲಕ್ಕಿಳಿಸಿದ ಕ್ಷಣದಿಂದಲೇ ಬುಷ್ ತಿರುಚಿಕೊಂಡೇ ಇರುತ್ತದೆ. ಗಾಡಿ ನಿಂತಿದ್ದಾಗಲೂ ಅದಕ್ಕೆ ಬಿಡುವಿಲ್ಲ. ಹಳ್ಳ ಬಂದಾಗ ಇನ್ನೂ ತಿರುಚಬೇಕು. ಹರಿಯದೆ ಇನ್ನೇನು ಮಾಡುತ್ತದೆ? ಜೊತೆಗೆ ಗಾಡಿ ಒಂದು ಬದಿ ಎತ್ತರ ನಿಂತಂತೆಯೂ ಕಾಣುತ್ತದೆ, ಹೊಸ ಪ್ಲೇಟೇ ಸರಿಯಿಲ್ಲ ಅನ್ನಿಸುತ್ತದೆ. ಗ್ಯಾರೇಜಿಗೆ ಕೊಡುವವರು ಈ ಒಂದು ಮಾತನ್ನು ಮೆಕ್ಯಾನಿಕ್ ಅಣ್ಣನಿಗೆ ಮೊದಲೇ ಹೇಳಿ, ಪಕ್ಕದಲ್ಲಿ ನಿಂತು ನೋಡಿ.

ಜಿಪ್ಸಿಯ ಕುಲದ ಸುಜುಕಿ ಗಾಡಿಗಳ ಸರ್ವಿಸ್ ಪುಸ್ತಕದಲ್ಲಿ ಯು ಬೋಲ್ಟ್ ನಟ್ಟಿಗೆ 60ರಿಂದ 80 ನ್ಯೂಟನ್ ಮೀಟರ್, ಶಾಕಲ್ ನಟ್ಟಿಗೆ 30ರಿಂದ 55 ನ್ಯೂಟನ್ ಮೀಟರ್ ಎಂದಿದೆ. ನಿಮ್ಮ ಮಾಡೆಲ್ಲಿನ ಪುಸ್ತಕದಲ್ಲಿ ಬೇರೆ ಇದ್ದರೆ ಅದನ್ನೇ ಅನುಸರಿಸಿ. ಮಹೀಂದ್ರ ಜೀಪಿನ ಬೋಲ್ಟ್ ಅಳತೆ ಬೇರೆ, ಈ ಅಂಕಿ ಅದಕ್ಕೆ ಹೊಂದುವುದಿಲ್ಲ. ಉದ್ದ ಪೈಪ್ ಸೇರಿಸಿ ಮೈಭಾರವೆಲ್ಲ ಹಾಕಿ ಬಿಗಿಯುವ ಅಭ್ಯಾಸ ಇಲ್ಲಿ ಒಳ್ಳೆಯದಲ್ಲ. ಶಾಕಲ್ ಅತಿಯಾಗಿ ಬಿಗಿದರೆ ಸ್ಪ್ರಿಂಗ್ ಆಡುವುದೇ ಇಲ್ಲ.

ಓಡಿಸಿದ ಮೇಲೆ

ಮೊದಲ ಓಡಾಟ ಊರೊಳಗೆ, ನಿಧಾನವಾಗಿ. ಬ್ರೇಕ್ ಹಿಡಿದಾಗ ಒಂದು ಕಡೆ ಎಳೆಯುತ್ತದೆಯಾ, ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಬ್ರೇಕ್ ಹೋಸ್ ಎಲ್ಲಾದರೂ ತಾಗುತ್ತದೆಯಾ ನೋಡಿ. ನೇರ ಹೋಗುವಾಗ ಸ್ಟೀರಿಂಗ್ ಚಕ್ರ ಸ್ವಲ್ಪ ಓರೆ ನಿಂತರೆ ಗಾಬರಿ ಬೇಡ. ಮುಂಭಾಗ ಎತ್ತರವಾದಾಗ ಡ್ರ್ಯಾಗ್ ಲಿಂಕಿನ ಕೋನ ಬದಲಾಗುತ್ತದೆ. ಅದರ ಉದ್ದ ಹೊಂದಿಸಿದರೆ ಸರಿಹೋಗುತ್ತದೆ.

ನೂರು ಕಿಲೋಮೀಟರ್ ಆದ ಮೇಲೆ ಯು ಬೋಲ್ಟ್ ಮತ್ತೆ ಟಾರ್ಕ್ ರೆಂಚಿನಲ್ಲಿ ನೋಡಿ, ಐನೂರರ ಹೊತ್ತಿಗೆ ಇನ್ನೊಮ್ಮೆ. ಹೊಸ ಪ್ಲೇಟ್‌ಗಳ ನಡುವಿನ ಪೇಂಟ್ ಸವೆದು, ಸ್ಪ್ರಿಂಗ್ ಸ್ವಲ್ಪ ಕೂತು, ಬಿಗಿ ಸಡಿಲಾಗಿಯೇ ಇರುತ್ತದೆ. ಮೊದಲ ವಾರಗಳಲ್ಲಿ ಎತ್ತರ ಸ್ವಲ್ಪ ಇಳಿಯುವುದೂ ಸಹಜ. ಅದಕ್ಕೇ ವೀಲ್ ಅಲೈನ್‌ಮೆಂಟನ್ನು ಮೊದಲ ದಿನವೇ ಮಾಡಿಸದೆ ಪ್ಲೇಟ್ ಕೂತ ಮೇಲೆ ಮಾಡಿಸಿ.

ಹೆಡ್‌ಲೈಟನ್ನು ಮಾತ್ರ ಅಷ್ಟು ದಿನ ಬಿಡಬೇಡಿ. ಹಿಂದೆ ಮಾತ್ರ ಹೊಸ ಪ್ಲೇಟ್ ಹಾಕಿದ್ದರೆ ಬೆಳಕು ಬಂಪರಿನ ಮುಂದೆಯೇ ಬೀಳುತ್ತದೆ, ಮುಂದೆ ಮಾತ್ರ ಹಾಕಿದ್ದರೆ ಎದುರು ಬರುವವರ ಕಣ್ಣಿಗೆ ಹೊಡೆಯುತ್ತದೆ. ಅದೇ ಸಂಜೆ ಗೋಡೆಯ ಮುಂದೆ ಗಾಡಿ ನಿಲ್ಲಿಸಿ, ಲೈಟಿನ ಸ್ಕ್ರೂ ತಿರುಗಿಸಿ ಹೊಂದಿಸಿಕೊಳ್ಳಿ.